ನಮ್ಮ ಕಡೆ ಎಲ್ಲ ಸರಿಯಾಗಿದೆ ಸಾರ್

ಫ್ರೀಲಾನ್ಸ್ ವೆಬ್ ಡೆವಲಪರ್‌ನ ಕಸುಬಿಗೆ ಬೇಕಾದ ಸಲಕರಣೆಗಳಲ್ಲಿ ಮುಕ್ಕಾಲು ಪಾಲು ಪುಕ್ಕಟೆ. ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಕರೆಂಟು ಹೋದಾಗ ಒಂದೆರಡು ಗಂಟೆ ತಡೆಯುವ ಯುಪಿಎಸ್ಸು, ಇವಿಷ್ಟಕ್ಕೆ ದುಡ್ಡು ಹಾಕಿದರೆ ಮಿಕ್ಕದ್ದೆಲ್ಲ ಬ್ರೌಸರಿನ ಟ್ಯಾಬುಗಳಲ್ಲೇ ಸಿಗುತ್ತದೆ. ಚಿತ್ರ ಕುಗ್ಗಿಸಲು ಒಂದು ತಾಣ, ಬಣ್ಣ ಹೊಂದಿಸಲು ಒಂದು, ಕೋಡಿನಲ್ಲಿ ಮುಚ್ಚದೆ ಬಿಟ್ಟ ಆವರಣ ಹುಡುಕಲು ಇನ್ನೊಂದು, ಸೈಟು ಬದುಕಿದೆಯೋ ಸತ್ತಿದೆಯೋ ಹೇಳಲು ಮತ್ತೊಂದು. ಇವೆಲ್ಲ ಹುಟ್ಟಿದ್ದು ಯಂತ್ರದ ತಪ್ಪು ಹಿಡಿಯಲಿಕ್ಕೆ. ಬಳಕೆಯಲ್ಲಿ ಮಾತ್ರ ಇವುಗಳ ಮುಖ್ಯ ಪ್ರಯೋಜನ ಬೇರೆಯೇ ಆಗಿದೆ: ತಪ್ಪು ತನ್ನದಲ್ಲ ಎಂದು ಕ್ಲೈಂಟಿನ ಮುಂದೆ ಯಂತ್ರದಿಂದಲೇ ಸಾಕ್ಷಿ ಹೇಳಿಸುವುದು. ಯಾವ ಸಲಕರಣೆಯ ಕೈಪಿಡಿಯಲ್ಲೂ ಈ ಉಪಯೋಗವನ್ನು ಬರೆದಿಲ್ಲ. ಕಸುಬಿಗೆ ಇಳಿದ ಮೊದಲ ತಿಂಗಳಲ್ಲೇ ಅದು ತಾನಾಗಿ ತಿಳಿಯುತ್ತದೆ.

ಫ್ರೀಲಾನ್ಸರ್ ಎಂಬ ಈ ಜೀವಿ ಬೆಂಗಳೂರಿನಲ್ಲಷ್ಟೇ ಕಾಣಸಿಗುತ್ತದೆ ಎಂಬ ನಂಬಿಕೆ ಇದೆ. ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಗಳ ಮನೆಗಳ ಮಹಡಿ ಕೋಣೆಗಳಲ್ಲೂ ಇದರ ವಾಸವುಂಟು. ಹಗಲು ಬಾಗಿಲು ಹಾಕಿಕೊಂಡಿದ್ದು, ಸಂಜೆ ಕಾಫಿಗೆ ಕೆಳಗಿಳಿದು, ರಾತ್ರಿ ಮತ್ತೆ ಮೇಲೆ ಹೋಗುವುದು ಇದರ ದಿನಚರಿ. ನೆಂಟರು ಬಂದು ಮಗ ಏನು ಮಾಡುತ್ತಾನೆ ಎಂದು ಕೇಳಿದರೆ ತಾಯಿ "ಮನೇಲೇ ಇದಾನೆ" ಎನ್ನುತ್ತಾರೆ. ಮಗಳಾದರೆ "ಮನೇಲೇ ಏನೋ ಕಂಪ್ಯೂಟರ್ ಕೆಲಸ ಮಾಡ್ಕೊಂಡಿದಾಳೆ" ಎಂಬ ಉತ್ತರ ಬರುತ್ತದೆ. ಮಗಳ ಪಾಲಿಗೆ ವಿವರಣೆ ಸ್ವಲ್ಪ ಉದ್ದ, ಗೌರವ ಅಷ್ಟೇ. ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು, ಕೊರಿಯರ್‌ಗೆ ಸಹಿ ಹಾಕುವುದು, ಎದುರು ಮನೆಯವರ ಪ್ರಿಂಟರ್ ರಿಪೇರಿ, ಬೀದಿಯವರೆಲ್ಲರ ತತ್ಕಾಲ್ ಟಿಕೆಟ್ಟು, ಆಧಾರಿಗೆ ಪ್ಯಾನ್ ಜೋಡಿಸುವುದು ಇವೆಲ್ಲ ಈ ಹುದ್ದೆಯೊಂದಿಗೇ ಬರುವ ಹೊಣೆಗಳು. ಇವುಗಳಿಗೆ ಬಿಲ್ಲು ಮಾಡುವ ಪದ್ಧತಿ ಎಲ್ಲೂ ಇಲ್ಲ.

ಕೆಲಸ ಶುರುವಾಗುವುದು ಒಂದು ಫೋನಿನಿಂದ. "ಒಂದು ಸಣ್ಣ ವೆಬ್‌ಸೈಟ್ ಬೇಕಿತ್ತು. ಏನಿಲ್ಲ, ಸಿಂಪಲ್ಲಾಗಿ, ಈ ಅಮೆಜಾನ್ ತರ." ಫೋನು ಮಾಡಿದವರು ಕಲ್ಯಾಣ ಮಂಟಪದ ಮಾಲೀಕರಿರಬಹುದು, ಸಕಲೇಶಪುರದ ಕಡೆಯ ಹೋಂಸ್ಟೇಯವರಿರಬಹುದು, ಅಡಿಕೆ ಮಂಡಿಯವರಿರಬಹುದು. ಮೊದಲ ಮಾತುಕತೆಯಲ್ಲಿ ಮೂರು ಸಂಗತಿಗಳು ತಪ್ಪದೆ ಬರುತ್ತವೆ. ಕೆಲಸ ಅರ್ಜೆಂಟು. ಇದು ಚೆನ್ನಾಗಿ ಆದರೆ ಮುಂದೆ ತುಂಬ ಕೆಲಸ ಕೊಡಿಸುತ್ತಾರೆ. ಮತ್ತು, ಅಕ್ಕನ ಮಗನೊಬ್ಬ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನು ಐದು ಸಾವಿರಕ್ಕೆ ಮಾಡಿಕೊಡುತ್ತೇನೆ ಎಂದಿದ್ದಾನೆ. ಈ ಅಕ್ಕನ ಮಗನನ್ನು ಕಣ್ಣಾರೆ ಕಂಡವರು ಕಡಿಮೆ. ಆದರೆ ಕರ್ನಾಟಕದಲ್ಲಿ ವೆಬ್‌ಸೈಟುಗಳ ದರ ನಿಗದಿಯಾಗುವುದು ಅವನಿಂದಲೇ.

ಹಳೆಯ ಸೈಟೊಂದು ಮೊದಲೇ ಇದ್ದರೆ ಕೈಗೆ ಬರುವ ಮೊದಲ ಸಲಕರಣೆ ವೇಬ್ಯಾಕ್ ಮಷೀನ್. 1996ರಲ್ಲಿ ಬ್ರೂಸ್ಟರ್ ಕೇಲ್ ಕಟ್ಟಿದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ಜಗತ್ತಿನ ವೆಬ್ ಪುಟಗಳ ಪ್ರತಿ ತೆಗೆದಿಡುತ್ತ ಬಂದಿದೆ. 2001ರಿಂದ ಈ ಮಷೀನಿನ ಮೂಲಕ ಅವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಯಾವುದೋ ವರ್ಷದ ಒಂದು ದಿನ ಆ ಪುಟ ಹೇಗಿತ್ತೋ ಹಾಗೇ ಕಾಣಿಸುತ್ತದೆ, ಓಡುವ ಅಕ್ಷರ, ಮಿನುಗುವ "ಹೊಸದು" ಚಿಹ್ನೆ, ಭೇಟಿ ಕೊಟ್ಟವರ ಲೆಕ್ಕದ ಮೀಟರು ಸಮೇತ. "ಹಳೇ ಸೈಟಲ್ಲಿ ಆನ್‌ಲೈನ್ ಬುಕಿಂಗ್ ಇತ್ತಲ್ಲ, ಅದನ್ನ ಯಾಕೆ ತೆಗೆದ್ರಿ?" ಎಂದು ಕೇಳುವ ಕ್ಲೈಂಟಿಗೆ, ಅಲ್ಲಿದ್ದದ್ದು ಒಂದು ಫೋನ್ ನಂಬರ್ ಮಾತ್ರ ಎಂದು ತೋರಿಸಲು ಇದಕ್ಕಿಂತ ನಂಬಿಕಸ್ತ ಸಾಕ್ಷಿ ಇಲ್ಲ. ಮನುಕುಲದ ಡಿಜಿಟಲ್ ನೆನಪನ್ನು ಕಾಪಾಡಬೇಕೆಂಬ ಘನ ಉದ್ದೇಶದಿಂದ ಹುಟ್ಟಿದ ಸಂಸ್ಥೆ ಒಂದು ಬುಕಿಂಗ್ ಬಟನ್ನಿನ ವ್ಯಾಜ್ಯವನ್ನೂ ತೀರಿಸುತ್ತದೆ.

ಹೊರದೇಶದ ಕೆಲಸದ ದಾರಿ ಬೇರೆ. ಈಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ತಾಣಗಳು ಕೂಡಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಲಿಕ್ಕೇ ಕನೆಕ್ಟ್ಸ್ ಎಂಬ ಟೋಕನ್ನು ಬೇಕು, ಅದನ್ನು ಹೆಚ್ಚಾಗಿ ದುಡ್ಡು ಕೊಟ್ಟು ಕೊಳ್ಳಬೇಕು. ಕೆಲಸ ಸಿಕ್ಕಿತೆಂದರೆ ಗಡಿಯಾರದ ಸಮಸ್ಯೆ ಆರಂಭ. ಸ್ಯಾನ್‌ಫ್ರಾನ್ಸಿಸ್ಕೋದವನು ಬೆಳಗಿನ 10ಕ್ಕೆ ಇಟ್ಟ ಮೀಟಿಂಗು ಬೇಸಿಗೆಯಲ್ಲಿ ಇಲ್ಲಿಯ ರಾತ್ರಿ 10.30ಕ್ಕೆ, ಚಳಿಗಾಲದಲ್ಲಿ 11.30ಕ್ಕೆ ಬೀಳುತ್ತದೆ. ಅಮೆರಿಕದವರು ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುವುದೇ ಇದಕ್ಕೆ ಕಾರಣ. ಊರೂರಿನ ವೇಳೆಯನ್ನು ಅಕ್ಕಪಕ್ಕ ತೋರಿಸುವ ವರ್ಲ್ಡ್ ಟೈಮ್ ಬಡ್ಡಿಯಂಥ ತಾಣಗಳಿರುವುದು ಇದಕ್ಕಾಗಿ. ಮೀಟಿಂಗಿನಲ್ಲಿ "ಗುಡ್ ಮಾರ್ನಿಂಗ್" ಎನ್ನುವ ದನಿ ಕೆಳಗಿನ ಕೋಣೆಯಲ್ಲಿ ಮಲಗಿದ ತಂದೆಗೆ ಕೇಳಿಸಿದರೆ, ಮಗನ ಭವಿಷ್ಯದ ಬಗ್ಗೆ ಅವರಿಗಿದ್ದ ಅನುಮಾನಗಳು ಇನ್ನಷ್ಟು ಗಟ್ಟಿಯಾಗುತ್ತವೆ.

ದರ ಒಪ್ಪಿತವಾದ ಮೇಲೆ ಡೊಮೈನ್, ಅಂದರೆ ಸೈಟಿನ ಹೆಸರು. ಹೆಸರು ಯಾರದ್ದೆಂದು ತಿಳಿಯಲು ಹೂಈಸ್ ಎಂಬ ಹುಡುಕಾಟವಿದೆ. ಬೇಕಾದ ಹೆಸರು ಇನ್ನಾರದ್ದೋ ಆಗಿರುತ್ತದೆ, ಅಥವಾ ಕ್ಲೈಂಟಿನದ್ದೇ ಆಗಿದ್ದು ಅಕ್ಕನ ಮಗನ ಕಾಲೇಜು ಕಾಲದ ಇಮೇಲಿಗೆ ಜೋಡಿಸಿರುತ್ತದೆ. ಅವನು ಈಗ ಕೆನಡಾದಲ್ಲಿರುತ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ.

ಇನ್ನು ಮ್ಯಾಟರು. ಮುದ್ರಣದಂಗಡಿಯಿಂದ ವೆಬ್ಬಿನವರೆಗೂ ಕನ್ನಡದಲ್ಲಿ ಬರಹಕ್ಕೆ ಇದೇ ಹೆಸರು. "ಮ್ಯಾಟರ್ ನಾಳೆ ಕಳಿಸ್ತೀನಿ" ಎಂಬ ಮಾತಿನ ನಾಳೆ ಯಾವ ಪಂಚಾಂಗದಲ್ಲೂ ಇಲ್ಲದ ದಿನ. ಅಲ್ಲಿಯವರೆಗೆ ಖಾಲಿ ಜಾಗ ತುಂಬಲು ಲೊರೆಮ್ ಇಪ್ಸಮ್ ಎಂಬ ಲ್ಯಾಟಿನ್ ಪಠ್ಯವನ್ನು ಸುರಿಯುತ್ತಾರೆ. ಒಂದು ಬಟನ್ ಒತ್ತಿದರೆ ಬೇಕಾದಷ್ಟು ಪ್ಯಾರಾ ಉದುರಿಸಿಕೊಡುವ ತಾಣಗಳು ಹತ್ತಾರಿವೆ. ಅದು ಅರ್ಥವಿಲ್ಲದ ಬರಹವೆಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ರೋಮಿನ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ, ಒಳಿತು ಕೆಡುಕುಗಳನ್ನು ಚರ್ಚಿಸುವ ತತ್ತ್ವಶಾಸ್ತ್ರದ ಗ್ರಂಥವೊಂದರ ಚಿಂದಿ ಅದು. ಎರಡು ಸಾವಿರ ವರ್ಷದ ಬಳಿಕ ಆ ಚಿಂತನೆ ಎಷ್ಟೋ ಶಾಲೆ ಕಾಲೇಜುಗಳ ಸೈಟಿನಲ್ಲಿ "ಪ್ರಾಂಶುಪಾಲರ ಸಂದೇಶ" ಎಂಬ ತಲೆಬರಹದಡಿ ವರ್ಷಗಟ್ಟಲೆ ನಿಂತಿರುತ್ತದೆ. ಯಾವ ಪೋಷಕರೂ ಇದುವರೆಗೆ ತಕರಾರು ಎತ್ತಿದ ಹಾಗಿಲ್ಲ. ಸಂದೇಶಗಳನ್ನು ಎಷ್ಟು ಜನ ಓದುತ್ತಾರೆ ಎಂಬುದಕ್ಕೆ ಬೇರೆ ಸಮೀಕ್ಷೆ ಬೇಕಿಲ್ಲ.

ಕೊನೆಗೊಂದು ದಿನ ಮ್ಯಾಟರು ಬರುತ್ತದೆ. ಕನ್ನಡದ ಮ್ಯಾಟರಾದರೆ ಅದು ಡಿಟಿಪಿ ಅಂಗಡಿಯಲ್ಲಿ ಟೈಪಾಗಿ ಬಂದಿರುತ್ತದೆ, ನುಡಿಯ ಹಳೆಯ ಫಾಂಟಿನಲ್ಲಿ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಈ ಎರಡು ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡವನ್ನು ಮನೆಮಾತು ಮಾಡಿದವು. ಆ ಕಾಲದ ಫಾಂಟುಗಳ ಉಪಾಯ ಸರಳವಾಗಿತ್ತು: ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ ಮುದ್ದಾಗಿ ಕಾಣುತ್ತದೆ. ಅದನ್ನೇ ಎತ್ತಿ ವೆಬ್ ಪುಟಕ್ಕೆ ಅಂಟಿಸಿದ ಕೂಡಲೇ ಮನೆಯ ಮೂಲ ವಾಸಿಗಳು ಹೊರಬರುತ್ತಾರೆ. "ಕನ್ನಡ" ಎಂದು ಬರೆದಿದ್ದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆ ಗೀಟು ಎಳೆದ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಒಂದು ಕ್ಯೂ, ಮಗದೊಮ್ಮೆ ಗೀಟಿನ ಎ ಸಾಲಾಗಿ ನಿಂತಿರುತ್ತವೆ. ಕ್ಲೈಂಟಿನಿಂದ ಫೋನು: "ಸಾರ್, ನಿಮ್ಮ ಸೈಟಿಗೆ ವೈರಸ್ ಹೊಡೆದಿದೆ."

ಇದಕ್ಕೆ ಮದ್ದು, ಕನ್ನಡದ ಅಕ್ಷರಗಳಿಗೆ ಸ್ವಂತ ಮನೆ ಕೊಟ್ಟ ಯೂನಿಕೋಡಿಗೆ ಬರಹವನ್ನು ಬದಲಿಸುವ ಪರಿವರ್ತಕಗಳು. ಕನ್ನಡಕ್ಕಾಗಿ ದುಡಿದವರು ಪುಕ್ಕಟೆಯಾಗಿ ಕೊಟ್ಟ ಈ ಸಲಕರಣೆಗಳಿಗೆ ಪ್ರಶಸ್ತಿ ಕೊಟ್ಟ ಸುದ್ದಿ ಅಪರೂಪ, ಕೊಡಬೇಕಿತ್ತು. ಒಂದು ಪೆಟ್ಟಿಗೆಯಲ್ಲಿ ನುಡಿಯ ಬರಹ ಸುರಿದು ಬಟನ್ ಒತ್ತಿದರೆ ಇನ್ನೊಂದರಲ್ಲಿ ಓದಬಲ್ಲ ಕನ್ನಡ ಬರುತ್ತದೆ. ತೊಂದರೆ ಕೊಡುವುದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುವ ಒಂದು ಆಕಾರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಒಂದಿಷ್ಟು ಎಡವಿದರೂ ಧರ್ಮಕ್ಕೂ ಕಾರ್ಯಕ್ಕೂ ಮಾರ್ಗಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ. ದೇವಸ್ಥಾನದ ಟ್ರಸ್ಟಿನ ಸೈಟಾದರೆ ಪುಟಕ್ಕೆ ಇಪ್ಪತ್ತು ಕಡೆ ಈ ಮೂರೇ ಪದಗಳಿರುತ್ತವೆ.

ಅಲ್ಲಿಂದ ಮುಂದೆ ಅಕ್ಷರದ ಅಂದ. ಗೂಗಲ್ ಫಾಂಟ್ಸ್ ತಾಣದಲ್ಲಿ ನೋಟೊ, ಟೀರೊ, ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಂಬ ಹೆಸರಿನ ಕನ್ನಡ ಫಾಂಟುಗಳು ಬಿಟ್ಟಿಯಾಗಿ ಸಿಗುತ್ತವೆ. ಇಂಗ್ಲಿಷಿನ ಅಳತೆಯಲ್ಲಿ ಹೊಲಿದ ರೆಡಿಮೇಡ್ ಟೆಂಪ್ಲೇಟಿಗೆ ಇವನ್ನು ತೊಡಿಸಿದಾಗ ಸಾಲಿನ ಎತ್ತರ ಸಾಲುವುದಿಲ್ಲ. ಒತ್ತಕ್ಷರದ ಕಾಲು ಕೆಳಗಿನ ಸಾಲಿನವರ ತಲೆಗೆ ತಾಗುತ್ತದೆ. "ಲಕ್ಷ್ಮೀ" ಎಂಬ ಹೆಸರಿನ ಮಂಟಪಕ್ಕೆ ಸೈಟು ಮಾಡಿದವರಿಗೆ ಇದರ ನೋವು ಗೊತ್ತು. ಇನ್ನೊಂದು ತರಲೆ ಕಣ್ಣಿಗೇ ಬೀಳದ್ದು. "ವೆಬ್‌ಸೈಟ್" ಎಂದು ಬಿಡಿಸಿ ಬರೆಯಲು ನಡುವೆ ಅಗಲವೇ ಇಲ್ಲದ ಒಂದು ಅದೃಶ್ಯ ಅಕ್ಷರ ಹಾಕಬೇಕು, ಇಲ್ಲವಾದರೆ ಅದು "ವೆಬ್ಸೈಟ್" ಎಂದು ಒತ್ತು ಕಟ್ಟಿಕೊಳ್ಳುತ್ತದೆ. ಆ ಅಕ್ಷರ ಇರುವ ಪದ, ಇಲ್ಲದ ಪದ ಎರಡೂ ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ. ಸೈಟಿನ ಹುಡುಕುವ ಪೆಟ್ಟಿಗೆಗೆ ಇದನ್ನು ಹೇಳಿಕೊಡದಿದ್ದರೆ ಕಣ್ಣೆದುರಿಗಿರುವ ಪದವನ್ನೇ ಅದು "ಸಿಗಲಿಲ್ಲ" ಎನ್ನುತ್ತದೆ. ಕಾಣದ್ದು ಇದೆ, ಅದಕ್ಕೇ ಕಾಣುವುದು ಸಿಗುತ್ತಿಲ್ಲ ಎಂದು ಕ್ಲೈಂಟಿಗೆ ವಿವರಿಸಲು ಹೋದವನನ್ನು ವೇದಾಂತಿಯೆಂದು ತಿಳಿಯುವ ಅಪಾಯವಿದೆ.

ಫೋಟೋಗಳ ಕತೆ ಚಿಕ್ಕದು. ಅವು ಎರಡು ಬಗೆಯಲ್ಲಿ ಬರುತ್ತವೆ: ಕ್ಯಾಮೆರಾದವನು ಕೊಟ್ಟ ಗೋಡೆಯಷ್ಟಗಲದವು, ಮತ್ತು ವಾಟ್ಸಾಪಿನಲ್ಲಿ ನಾಲ್ಕು ಗುಂಪು ಸುತ್ತಿ ಬಂದ ಅಂಚೆಚೀಟಿಯಷ್ಟಗಲದವು. ಮೊದಲನೆಯವನ್ನು ಕುಗ್ಗಿಸಲು ಪಾಂಡಾ ಕರಡಿಯ ಚಿತ್ರವಿರುವ ಟೈನಿಪಿಎನ್‌ಜಿ ಇದೆ. ಗೂಗಲಿನವರ ಸ್ಕ್ವೂಶ್‌ನಲ್ಲಿ ನಡುವಿನ ಗೆರೆಯನ್ನು ಎಳೆದಾಡಿ ಕುಗ್ಗುವ ಮುನ್ನ ಹೇಗಿತ್ತು, ಕುಗ್ಗಿದ ಮೇಲೆ ಹೇಗಿದೆ ಎಂದು ಹೋಲಿಸಬಹುದು. ಎರಡನೆಯ ಬಗೆಯವನ್ನು ಹಿಗ್ಗಿಸುವ ಎಐ ಸಲಕರಣೆಗಳೂ ಈಗ ಬಂದಿವೆ, ಆದರೆ ಅವು ಮಾಲೀಕರ ತಂದೆಯವರ ಹಳೆಯ ಫೋಟೋಕ್ಕೆ ಇಲ್ಲದ ಹಲ್ಲು ಜೋಡಿಸುತ್ತವೆ. "ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸಿ ಸಾರ್, ಆಗ ಕ್ವಾಲಿಟಿ ಹೋಗಲ್ಲ" ಎಂಬ ಮಾತಿಗೆ ಉತ್ತರವಾಗಿ ಫೋಟೋವನ್ನು ವರ್ಡ್ ಫೈಲಿನೊಳಗೆ ಅಂಟಿಸಿ ಕಳಿಸುವವರಿದ್ದಾರೆ. ಮಾತಿನ ಪ್ರಕಾರ ಅವರು ಮಾಡಿದ್ದು ಸರಿಯೇ.

ಕಟ್ಟುವ ಕೆಲಸದಲ್ಲಿ ಮೂರು ಭಾಷೆಗಳಿವೆ. ಎಚ್‌ಟಿಎಂಎಲ್ ಪುಟದ ಎಲುಬು, ಸಿಎಸ್‌ಎಸ್ ಅದರ ವೇಷ, ಜಾವಾಸ್ಕ್ರಿಪ್ಟ್ ಚಲನವಲನ. ಈ ಜಾವಾಸ್ಕ್ರಿಪ್ಟನ್ನು ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಬರೆದುಕೊಟ್ಟ. ಮೂರು ದಶಕಗಳಿಂದ ಜಗತ್ತು ಆ ಹತ್ತು ದಿನದ ಆತುರವನ್ನು ತಿದ್ದುತ್ತಿದೆ. "ಎರಡೇ ದಿನದಲ್ಲಿ ಮಾಡ್ಕೊಡಿ" ಎನ್ನುವ ಕ್ಲೈಂಟುಗಳಿಗೆ ಈ ಸಂಗತಿಯನ್ನು ತಿಳಿಸಬೇಕು. ತಿಳಿಸಿದರೆ "ಅವನೊಬ್ಬನೇ ಅಷ್ಟು ಮಾಡಿದ್ನಲ್ಲ" ಎಂಬ ಉತ್ತರ ಬರುವ ಸಾಧ್ಯತೆಯೂ ಇದೆ. ಸಿಎಸ್‌ಎಸ್ ಗಿಡ್ಡ ಕಂಬಳಿ: ಲ್ಯಾಪ್‌ಟಾಪಿನ ತಲೆಗೆ ಎಳೆದರೆ ಮೊಬೈಲಿನ ಕಾಲು ಹೊರಗೆ. ಯಾವ ಬ್ರೌಸರಿಗೆ ಯಾವ ಸೌಲಭ್ಯ ಬರುತ್ತದೆಂದು ಹಸಿರು ಕೆಂಪು ಚೌಕಗಳಲ್ಲಿ ತೋರಿಸುವ ಕ್ಯಾನ್ ಐ ಯೂಸ್, ಎಚ್‌ಟಿಎಂಎಲ್‌ನ ಪ್ರತಿಯೊಂದು ಟ್ಯಾಗಿನ ಜಾತಕ ಹೇಳುವ ಎಂಡಿಎನ್ ಈ ಹಂತದ ಆಸರೆಗಳು. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ತನ್ನ ಹಳೆಯ ಬ್ರೌಸರಿಗೆ ನಿವೃತ್ತಿ ಕೊಟ್ಟಿತು. ಅದಕ್ಕೂ ಹಿಂದೆ ಈ ಕಸುಬಿನಲ್ಲಿದ್ದವರ ತಾಳ್ಮೆ ಇಂದಿನವರಿಗೆ ಬರುವುದು ಕಷ್ಟ.

ಬ್ರೌಸರಿನೊಳಗೇ ಅಡಗಿರುವ ಡೆವ್‌ಟೂಲ್ಸ್‌ಗೆ ಬೇರೆ ಪ್ಯಾರಾ ಸಲ್ಲಬೇಕು. 2006ರಲ್ಲಿ ಫೈರ್‌ಫಾಕ್ಸ್‌ಗೆ ಬಂದ ಫೈರ್‌ಬಗ್ ಎಂಬ ಜೋಡಣೆ ಇದಕ್ಕೆ ದಾರಿ ತೋರಿಸಿತು. ಈಗ ಬಹುತೇಕ ಬ್ರೌಸರುಗಳಲ್ಲಿ ಎಫ್12 ಒತ್ತಿದರೆ ಪುಟದ ಹೊಟ್ಟೆ ಬಗೆದು ತೋರಿಸುತ್ತದೆ. ಅಲ್ಲಿ ಯಾವ ಸಾಲನ್ನು ಬೇಕಾದರೂ ತಿದ್ದಬಹುದು. ತಿದ್ದಿದ್ದು ತನ್ನ ಪರದೆಯ ಮೇಲೆ ಮಾತ್ರ ಕಾಣುತ್ತದೆ, ಪುಟವನ್ನು ರಿಫ್ರೆಶ್ ಮಾಡಿದರೆ ಹೋಗುತ್ತದೆ. ಕ್ಲೈಂಟು ಪಕ್ಕದಲ್ಲಿ ಕುರ್ಚಿ ಎಳೆದು ಕೂತು "ಲೋಗೋ ಸ್ವಲ್ಪ ದೊಡ್ಡದು ಮಾಡಿ, ಇನ್ನೂ ಸ್ವಲ್ಪ, ಬೇಡ ಮೊದಲಿನಷ್ಟೇ ಇರ್ಲಿ" ಎನ್ನುತ್ತಿರುವಾಗ ಇದಕ್ಕಿಂತ ಉಪಕಾರಿ ಸಲಕರಣೆ ಇನ್ನಿಲ್ಲ. ಅರ್ಧ ಗಂಟೆಯ ಚರ್ಚೆಯ ನಂತರ ಲೋಗೋ ಮೊದಲಿನಷ್ಟೇ ಇರುತ್ತದೆ, ಒಂದು ಫೈಲೂ ಬದಲಾಗಿರುವುದಿಲ್ಲ, ಕ್ಲೈಂಟು ಸಂತೋಷದಿಂದ ಎದ್ದು ಹೋಗುತ್ತಾರೆ. ಇದೇ ಎಫ್12ರಿಂದ ಸೋದರಳಿಯನೊಬ್ಬ ಅಂಕಪಟ್ಟಿಯ ಪುಟದಲ್ಲಿ ತನ್ನ ಅಂಕವನ್ನು 98 ಮಾಡಿ ತೋರಿಸಿದರೆ, ಇಡೀ ಮನೆ ಅವನನ್ನು ಹ್ಯಾಕರ್ ಎಂದು ನಂಬುತ್ತದೆ.

ಸಿಕ್ಕಿಹಾಕಿಕೊಂಡಾಗ ಹೋಗುವ ಜಾಗ ಸ್ಟ್ಯಾಕ್ ಓವರ್‌ಫ್ಲೋ. ಜೋಯಲ್ ಸ್ಪೋಲ್ಸ್ಕಿ ಮತ್ತು ಜೆಫ್ ಆಟ್‌ವುಡ್ 2008ರಲ್ಲಿ ತೆರೆದ ಈ ಪ್ರಶ್ನೋತ್ತರ ತಾಣದಲ್ಲಿ ಎಲ್ಲ ಪ್ರಶ್ನೆಗಳನ್ನೂ ಯಾರೋ ಮೊದಲೇ ಕೇಳಿ ಬೈಸಿಕೊಂಡಾಗಿರುತ್ತದೆ. ವಿಮ್ ಎಂಬ ಬರವಣಿಗೆ ತಂತ್ರಾಂಶದೊಳಗೆ ಹೊಕ್ಕವರು ಹೊರಬರುವುದು ಹೇಗೆ ಎಂಬ ಒಂದು ಪ್ರಶ್ನೆಯ ಪುಟವನ್ನು ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ನೋಡಲಾಗಿದೆಯೆಂದು ಆ ತಾಣವೇ 2017ರಲ್ಲಿ ಹೇಳಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬೈಗುಳದ ಭಯವಿಲ್ಲದೆ ಕೇಳುವ ಸೌಕರ್ಯ ಒದಗಿತು. ಅದು ತಪ್ಪು ಉತ್ತರವನ್ನೂ ಬಹಳ ವಿನಯದಿಂದ ಕೊಡುತ್ತದೆ, ತಪ್ಪೆಂದು ತೋರಿಸಿದರೆ ಕ್ಷಮೆ ಕೇಳಿ ಬೇರೊಂದು ತಪ್ಪನ್ನು ಕೊಡುತ್ತದೆ. ಇದರ ಇನ್ನೊಂದು ಪರಿಣಾಮ ಕ್ಲೈಂಟುಗಳ ಮೇಲೆ ಆಗಿದೆ: "ಎಐ ಐದು ನಿಮಿಷದಲ್ಲಿ ಮಾಡುತ್ತಂತಲ್ಲ, ನಿಮಗ್ಯಾಕೆ ಹದಿನೈದು ದಿನ?" ಅಕ್ಕನ ಮಗನ ಸ್ಥಾನಕ್ಕೆ ಈಗ ಎಐ ಬಂದು ಕೂತಿದೆ. ದರ ಮಾತ್ರ ಅವನಿಗಿಂತಲೂ ಕಡಿಮೆ.

ಬರೆದ ಕೋಡನ್ನೆಲ್ಲ ಕಾಯ್ದಿಡುವುದು ಗಿಟ್. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದ. ಯಾವ ಬದಲಾವಣೆ ಯಾವಾಗ ಆಯಿತೆಂಬ ಲೆಕ್ಕವನ್ನು ಅದು ಇಡುತ್ತದೆ. ಅದಕ್ಕೂ ಮುಂಚೆ "ಫೈನಲ್", "ಫೈನಲ್ 2", "ಪಕ್ಕಾ ಫೈನಲ್", "ಇದೇ ಫೈನಲ್" ಎಂಬ ಫೋಲ್ಡರುಗಳಿಂದ ಇದೇ ಕೆಲಸ ನಡೆಯುತ್ತಿತ್ತು. ಗಿಟ್ ಬಂದ ಮೇಲೂ ಹಲವರಲ್ಲಿ ನಡೆಯುತ್ತಿದೆ. ಗಿಟ್‌ನಲ್ಲಿ ಬ್ಲೇಮ್ ಎಂಬ ಆಜ್ಞೆಯೊಂದಿದೆ. ಕೋಡಿನ ಪ್ರತಿ ಸಾಲನ್ನೂ ಕೊನೆಯದಾಗಿ ಮುಟ್ಟಿದವರು ಯಾರೆಂದು ಅದು ಹೆಸರು ಹಿಡಿದು ಹೇಳುತ್ತದೆ. ದೊಡ್ಡ ಕಂಪನಿಗಳಲ್ಲಿ ಇದರಿಂದ ಪಕ್ಕದ ಟೇಬಲಿನವನನ್ನು ಹಿಡಿಯಬಹುದು. ಫ್ರೀಲಾನ್ಸರ್ ಓಡಿಸಿದರೆ ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಹೆಸರು ಬರುತ್ತದೆ. ಇಡೀ ಸಲಕರಣೆಪೆಟ್ಟಿಗೆಯಲ್ಲಿ ಯಜಮಾನನ ವಿರುದ್ಧ ಸಾಕ್ಷಿ ಹೇಳುವುದು ಇದೊಂದೇ, ಹಾಗಾಗಿ ಕ್ಲೈಂಟಿಗೆ ಇದನ್ನು ತೋರಿಸುವ ವಾಡಿಕೆ ಇಲ್ಲ.

ತೋರಿಸುವುದು ಲೈಟ್‌ಹೌಸ್ ಅಂಕಗಳನ್ನು. ಕ್ರೋಮಿನೊಳಗಿರುವ ಈ ಪರೀಕ್ಷಕ ಸೈಟಿನ ವೇಗ, ಸುಲಭತೆ, ಶಿಸ್ತುಗಳಿಗೆ ನೂರಕ್ಕೆ ಇಷ್ಟು ಎಂದು ಕೊಡುತ್ತದೆ. 90ರಿಂದ ಮೇಲೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕಿಂತ ಕೆಳಗೆ ಕೆಂಪು. ಹಸಿರು ಬಂದ ದಿನ ಸ್ಕ್ರೀನ್‌ಶಾಟ್ ಕ್ಲೈಂಟಿನ ವಾಟ್ಸಾಪಿಗೆ ಹೋಗುತ್ತದೆ, ಕಿತ್ತಳೆ ಬಂದ ದಿನ ನೆಟ್ಟು ನಿಧಾನವಿರುತ್ತದೆ. ಕ್ಲೈಂಟು ಕೇಳುವ ಕೊನೆಯ ಬದಲಾವಣೆ, ಮುಖಪುಟದ ತುಂಬ ಓಡುವ ಡ್ರೋನ್ ವಿಡಿಯೋ. ಅದನ್ನು ಹಾಕಿದ ಮೇಲೆ ಪರೀಕ್ಷೆ ಮಾಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಸೈಟನ್ನು ಲೋಕಾರ್ಪಣೆ ಮಾಡುವ ಹೊತ್ತಿಗೆ ಡಿಎನ್‌ಎಸ್ ಎದುರಾಗುತ್ತದೆ. ಹೆಸರಿಗೂ ಸೈಟು ಕೂತಿರುವ ಸರ್ವರಿನ ವಿಳಾಸಕ್ಕೂ ಗಂಟು ಹಾಕುವ ಜಾಗತಿಕ ದಫ್ತರ ಇದು. ಗಂಟು ಬದಲಿಸಿದ್ದು ಎಲ್ಲೆಡೆ ಒಮ್ಮೆಗೇ ಗೊತ್ತಾಗುವುದಿಲ್ಲ. ಹಳೆಯ ವಿಳಾಸವನ್ನು ಇಷ್ಟು ಸೆಕೆಂಡು ನೆನಪಿಟ್ಟುಕೊಳ್ಳಿ ಎಂದು ಮೊದಲೇ ಹೇಳಿಟ್ಟಿರುವುದರಿಂದ, ದಾರಿಯಲ್ಲಿರುವ ಕಂಪ್ಯೂಟರುಗಳು ಅಷ್ಟು ಹೊತ್ತು ಹಳೆಯ ಮನೆಗೇ ದಾರಿ ತೋರಿಸುತ್ತಿರುತ್ತವೆ. 86,400 ಸೆಕೆಂಡು ಎಂದಿಟ್ಟಿದ್ದರೆ ಒಂದು ದಿನ. ಇದನ್ನು ನೋಡಲು ಭೂಪಟದ ಮೇಲೆ ಊರೂರಿನ ಸ್ಥಿತಿ ತೋರಿಸುವ ತಾಣಗಳಿವೆ. ಬ್ರೆಜಿಲಿಗೆ ಹಸಿರು ಟಿಕ್ಕು, ಜಪಾನಿಗೆ ಹಸಿರು ಟಿಕ್ಕು, ದಕ್ಷಿಣ ಆಫ್ರಿಕಕ್ಕೂ ಬಂದಾಯಿತು. ಕ್ಲೈಂಟು ಕೂತಿರುವ ತೀರ್ಥಹಳ್ಳಿಯಲ್ಲಿ ಇನ್ನೂ ಹಳೆಯ ಸೈಟೇ. "ಬ್ರೆಜಿಲಲ್ಲಿ ಬರ್ತಿದೆ ಸಾರ್" ಎಂಬ ಸಮಾಧಾನ ತೀರ್ಥಹಳ್ಳಿಯ ಅಡಿಕೆ ವ್ಯಾಪಾರಿಗೆ ಹೇಗೆ ಸಾಕಾದೀತು?

ಇದಾದ ಮೇಲೆ ಕ್ಯಾಶೆ. ಬ್ರೌಸರು ಒಮ್ಮೆ ನೋಡಿದ ಪುಟದ ಭಾಗಗಳನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸದನ್ನು ತರಿಸುತ್ತದೆ. ಮೊಬೈಲಿನಲ್ಲಿ ಆ ಗುಂಡಿಗಳಿಲ್ಲ, ಆದ್ದರಿಂದ ಇನ್‌ಕಾಗ್ನಿಟೋ ತೆರೆದು ನೋಡಿ ಎನ್ನಬೇಕು. ಮನೆಯವರೆಲ್ಲ ಕೂತಿರುವಾಗ ಆ ಕಪ್ಪು ಪರದೆಯನ್ನು ತೆರೆಯಲು ಹಿಂಜರಿಯುವ ಗೌರವಸ್ಥರಿದ್ದಾರೆ.

ಬ್ರೌಸರಿನ ವಿಳಾಸದ ಪಕ್ಕದ ಬೀಗದ ಚಿಹ್ನೆಗೆ ಬೇಕಾದ ಪ್ರಮಾಣಪತ್ರಕ್ಕೆ ಹಿಂದೆ ವರ್ಷಕ್ಕಿಷ್ಟು ಎಂದು ತೆರಬೇಕಿತ್ತು. 2015ರ ಕೊನೆಯಲ್ಲಿ ಸಾರ್ವಜನಿಕರಿಗೆ ತೆರೆದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಏರ್ಪಾಡು ಅದನ್ನು ಬಿಟ್ಟಿ ಮಾಡಿತು. ಒಂದೊಂದರ ಆಯಸ್ಸು ಸಾಮಾನ್ಯವಾಗಿ 90 ದಿನ. ನವೀಕರಣ ತಾನಾಗಿ ನಡೆಯುತ್ತದೆ. ನಡೆಯದ ದಿನ ಬ್ರೌಸರು ಇಡೀ ಪರದೆ ತುಂಬ ಅಪಾಯದ ಎಚ್ಚರಿಕೆ ತೋರಿಸುತ್ತದೆ, ಮತ್ತು ಆ ದಿನ ಭಾನುವಾರವಾಗಿರುತ್ತದೆ.

ಸರ್ವರು ಮಾತಾಡುವುದು ಮೂರಂಕಿಯ ಸಂಖ್ಯೆಗಳಲ್ಲಿ. 200 ಎಂದರೆ ಕ್ಷೇಮ, 404 ಎಂದರೆ ಪುಟ ಸಿಗಲಿಲ್ಲ, 500 ಎಂದರೆ ಒಳಗೇನೋ ಕೆಟ್ಟಿದೆ. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ 404ನೇ ಕೋಣೆ ಇತ್ತು, ಮೊದಲ ಸರ್ವರು ಅಲ್ಲಿತ್ತು ಎಂಬ ಕತೆ ಬರೀ ಕಟ್ಟುಕತೆ. 418ರದ್ದು ನಿಜ: 1998ರ ಏಪ್ರಿಲ್ ಒಂದರಂದು ತಮಾಷೆಗೆಂದು ಪ್ರಕಟವಾದ ಕಾಫಿಪಾತ್ರೆಯ ನಿಯಂತ್ರಣದ ನಿಯಮಾವಳಿಯಲ್ಲಿ, ಕಾಫಿ ಮಾಡು ಎಂದರೆ "ನಾನು ಚಹಾದ ಪಾತ್ರೆ" ಎಂದು ಹೇಳಲು ಈ ಸಂಖ್ಯೆಯನ್ನು ಇಟ್ಟರು. "ಅದು ನಮ್ಮ ಕೆಲಸದಲ್ಲಿ ಬರಲ್ಲ ಸಾರ್" ಎಂಬುದಕ್ಕೆ ಸರ್ವರುಗಳಿಗೆ ಮಾತ್ರ ಸಂಖ್ಯೆ ಸಿಕ್ಕಿದೆ, ಡೆವಲಪರುಗಳಿಗೆ ಇನ್ನೂ ಇಲ್ಲ. ಸೈಟು ತೆರೆಯುತ್ತಿಲ್ಲ ಎಂದು ಫೋನು ಬಂದಾಗ, ಅದು ಎಲ್ಲರಿಗೂ ಬಂದ್ ಆಗಿದೆಯೋ ಒಬ್ಬರಿಗೆ ಮಾತ್ರವೋ ಎಂದು ಹೇಳುವ ತಾಣಗಳಿವೆ. ಹತ್ತರಲ್ಲಿ ಎಂಟು ಸಲ ಕ್ಲೈಂಟಿನ ಮೊಬೈಲ್ ಡೇಟಾ ಮುಗಿದಿರುತ್ತದೆ. ಆದರೂ "ನಮ್ಮ ಕಡೆ ಎಲ್ಲ ಸರಿಯಾಗಿದೆ ಸಾರ್" ಎನ್ನುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡಿರುವುದು ಕ್ಷೇಮ.

ಉಳಿದದ್ದು ದುಡ್ಡು. ಬಿಲ್ಲು ಮಾಡಲು ಪುಕ್ಕಟೆ ತಾಣಗಳಿವೆ. ಹೆಸರು, ಮೊತ್ತ ತುಂಬಿದರೆ ಚೆಂದದ ಪಿಡಿಎಫ್ ಬರುತ್ತದೆ. 2016ರಲ್ಲಿ ಯುಪಿಐ ಬಂದು ಹಣ ಕಳಿಸುವುದು ಎರಡು ಕ್ಷಣದ ಕೆಲಸವಾಯಿತು, ಹಾಗಾಗಿ ಈಗ ತಡವಾಗುವುದಕ್ಕೆ ತಾಂತ್ರಿಕ ಕಾರಣ ಉಳಿದಿಲ್ಲ. ಉಳಿದವು ಆಷಾಢ, ಪಿತೃಪಕ್ಷ, ಮಾರ್ಚಿ ಕೊನೆ, ಆಡಿಟರ್ ಊರಲ್ಲಿಲ್ಲ. ಕಂಪನಿಗಳಾದರೆ ವೃತ್ತಿ ಶುಲ್ಕದಲ್ಲಿ ನೂರಕ್ಕೆ ಹತ್ತು ಟಿಡಿಎಸ್ ಮುರಿದುಕೊಂಡು ಕೊಡುತ್ತವೆ. ಮುರಿದದ್ದನ್ನು ತೆರಿಗೆ ಇಲಾಖೆಗೆ ಕಟ್ಟಿದ್ದಾರೆಯೇ ಎಂದು ಇಲಾಖೆಯ ತಾಣದಲ್ಲಿ ನೋಡಬಹುದು, ನೋಡಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ದಾಟಲಿ ಎಂದು ಹಾರೈಸುವ ತಂದೆತಾಯಿ, ದಾಟದಿರಲಿ ಎಂದು ಹಾರೈಸುವ ಮಗ ಒಂದೇ ಮನೆಯಲ್ಲಿರುತ್ತಾರೆ. ಡಾಲರಿನಲ್ಲಿ ಬಂದ ದುಡ್ಡಿಗೆ ಬ್ಯಾಂಕಿನವರು ಉದ್ದೇಶದ ಸಂಕೇತ ಕೇಳುತ್ತಾರೆ. ಸಾಫ್ಟ್‌ವೇರ್ ಸಲಹೆಯದ್ದು ಪಿ0802. ಕೌಂಟರಿನಲ್ಲಿ ಅದನ್ನು ಬಾಯಿಪಾಠ ಹೇಳುವ ಗ್ರಾಹಕನನ್ನು ಮ್ಯಾನೇಜರು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಮನೆಯಲ್ಲೂ ಸಿಗದ ಮರ್ಯಾದೆ ಅಲ್ಲಿ ಅಷ್ಟು ಹೊತ್ತಾದರೂ ಸಿಗುತ್ತದೆ.

ಒಂದು ವರ್ಷದ ಬಳಿಕ ಡೊಮೈನ್ ನವೀಕರಣ. ಇದರ ಇಮೇಲುಗಳನ್ನು ಕ್ಲೈಂಟುಗಳು ಲಾಟರಿ ಮೋಸವೆಂದು ಅಳಿಸಿಹಾಕುತ್ತಾರೆ, ಮತ್ತು ಅಂಥ ಮೋಸದ ಇಮೇಲುಗಳೂ ಇರುವುದರಿಂದ ಅವರನ್ನು ದೂರುವಂತಿಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ತನ್ನ ಹೆಸರಿಗೆ ದುಡ್ಡು ಕಟ್ಟಲು ಮರೆತು, ಹಾಟ್‌ಮೇಲ್ ಒಳಹೊಗಲು ಜನ ಪರದಾಡಿದರು. ಲಿನಕ್ಸ್ ಪ್ರೋಗ್ರಾಮರ್ ಒಬ್ಬ ತನ್ನ ಕಿಸೆಯಿಂದ 35 ಡಾಲರ್ ತುಂಬಿ ಅದನ್ನು ಸರಿಪಡಿಸಿದ. ಅಡಿಕೆ ಮಂಡಿಯವರಿಗೆ ಅಂಥ ಪುಣ್ಯಾತ್ಮರು ಸಿಗುವುದಿಲ್ಲ. ಡಾಟ್ ಕಾಮ್ ಹೆಸರು ಗಡುವು ಮೀರಿ ಕೈತಪ್ಪಿದ ಮೇಲೂ 30 ದಿನಗಳ ರಿಡೆಂಪ್ಷನ್ ಅವಧಿಯಲ್ಲಿ ಬಿಡಿಸಿಕೊಳ್ಳಬಹುದು. ಅದಕ್ಕೆ ಮಾಮೂಲಿ ದರಕ್ಕಿಂತ ಹಲವು ಪಟ್ಟು ದಂಡ ತೆರಬೇಕು. ಆ ದಂಡ ಯಾರು ಕೊಡಬೇಕೆಂಬುದು ಒಪ್ಪಂದದಲ್ಲಿ ಬರೆದಿರುವುದಿಲ್ಲ, ಏಕೆಂದರೆ ಒಪ್ಪಂದವೇ ಬರೆದಿರುವುದಿಲ್ಲ.

ಇಂಥದ್ದನ್ನು ತಪ್ಪಿಸಲು ಕೆಲಸ ಮುಗಿದ ದಿನವೇ ಪಾಸ್‌ವರ್ಡುಗಳನ್ನೆಲ್ಲ ಕ್ಲೈಂಟಿಗೆ ಒಪ್ಪಿಸಿಬಿಡುವುದು ಕ್ರಮ. ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ತಿಜೋರಿಗಳಿಂದ ಅದನ್ನು ಸುರಕ್ಷಿತವಾಗಿ ಮಾಡಬಹುದು. ಡೊಮೈನಿನದ್ದು, ಸರ್ವರಿನದ್ದು, ಸೈಟು ಕಟ್ಟಿದ ವರ್ಡ್‌ಪ್ರೆಸ್ಸಿನದ್ದು, ಇಮೇಲಿನದ್ದು ಎಲ್ಲ ಒಂದು ಕಡೆ ಸೇರಿಸಿ ಕಳಿಸಿದರೆ ಮರುಕ್ಷಣವೇ ಉತ್ತರ ಬರುತ್ತದೆ: "ಅಯ್ಯೋ, ಇದೆಲ್ಲ ನಮಗೆ ಗೊತ್ತಾಗಲ್ಲ ಸಾರ್, ನಿಮ್ಮ ಹತ್ರಾನೇ ಇರ್ಲಿ." ಹೀಗೆ ಕಸುಬಿನಲ್ಲಿ ಕೆಲವು ವರ್ಷ ಕಳೆದವರ ಬಳಿ ಮೂರು ತಾಲ್ಲೂಕಿನ ಕಲ್ಯಾಣ ಮಂಟಪಗಳು, ಒಂದೆರಡು ಕಾಲೇಜು, ಒಂದು ದೇವಸ್ಥಾನದ ಟ್ರಸ್ಟು, ಮುಚ್ಚಿಹೋದ ಎರಡು ಹೋಟೆಲುಗಳ ಬೀಗದ ಕೈಗಳು ಉಳಿದುಕೊಂಡಿರುತ್ತವೆ. ಅವುಗಳ ನವೀಕರಣದ ಇಮೇಲುಗಳು ಪ್ರತಿ ತಿಂಗಳೂ ಬರುತ್ತವೆ.